ಕಣ್ಣಿನ ಗುಣಕ

ಮುನ್ಸೂಚನಾ ಕೇಂದ್ರ, ಮದರಾಸು
ಏಪ್ರಿಲ್ 4, 1990

ಕುಳಿರ್‌ಮಲೆ ಸೂರ್ಯ ವೀಕ್ಷಣಾಲಯದ ವೀಕ್ಷಕರಾದ ಶ್ರೀ ಇರುದಯರಾಜ್ ಅವರಿಗೆ,

ವಂದನೆಗಳು. ನನ್ನ ಹೆಸರು ವಾಸುಗಿ. ಈ ತಿಂಗಳ ಒಂದನೇ ತಾರೀಖಿನಿಂದ ಸೂರ್ಯನ ದಿನಭವಿಷ್ಯ ಬರೆಯುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದಾರೆ. ಏಪ್ರಿಲ್ ಒಂದಾದ್ದರಿಂದ ಮನೆಯಲ್ಲಿ ಯಾರೂ ನಂಬಲಿಲ್ಲ.

ದಿನಾ ಒಂಬತ್ತೂವರೆಗೆ ನಿಮ್ಮ ತಂತಿ ಬರುತ್ತದೆ: ಸೂರ್ಯನ ಮೇಲೆ ಇಷ್ಟು ಗುಂಪು, ಇಷ್ಟು ಕಲೆ. ಉಳಿದ ಊರುಗಳ ತಂತಿಯೂ ಬಂದ ಮೇಲೆ ನಾನು 'ಶಾಂತ', 'ಚುರುಕು', 'ಉಗ್ರ' ಎಂಬ ಮೂರು ಪದಗಳಲ್ಲಿ ಒಂದನ್ನು ಆರಿಸಿ ಬಂದರಿಗೂ ವಿಮಾನ ನಿಲ್ದಾಣಕ್ಕೂ ಕಳಿಸುತ್ತೇನೆ. 'ಉಗ್ರ' ಎಂದರೆ ಹಗಲಲ್ಲಿ ಯಾವ ಗಳಿಗೆಯಲ್ಲಾದರೂ ದೂರದ ರೇಡಿಯೊ ಕಿವುಡಾಗಬಹುದು, ಹೇಳುವುದಿದ್ದರೆ ಬೇಗ ಹೇಳಿ ಮುಗಿಸಿ ಎಂದರ್ಥ.

ಈಗ ವಿಷಯಕ್ಕೆ ಬರುತ್ತೇನೆ. ಸೂರ್ಯ ಒಬ್ಬನೇ ಆದರೂ ನೋಡುವ ಕಣ್ಣು ಒಂದೇ ಅಲ್ಲ. ಒಬ್ಬರಿಗೆ ನಲವತ್ತು ಕಲೆ ಕಂಡರೆ ಇನ್ನೊಬ್ಬರಿಗೆ ಐವತ್ತು ಕಾಣುತ್ತದೆ. ಅದಕ್ಕೇ ಪ್ರತಿ ವೀಕ್ಷಕರ ಕಣ್ಣಿಗೂ ಒಂದು ಗುಣಕ ಕಟ್ಟಿದ್ದೇವೆ. ಕಡಿಮೆ ಕಾಣುವವರದು ಒಂದಕ್ಕಿಂತ ಹೆಚ್ಚು, ಹೆಚ್ಚು ಕಾಣುವವರದು ಒಂದಕ್ಕಿಂತ ಕಡಿಮೆ. ಅದರಿಂದ ಗುಣಿಸಿದರೆ ಎಲ್ಲರ ಲೆಕ್ಕವೂ ಒಂದೇ ಮಟ್ಟಕ್ಕೆ ಬರುತ್ತದೆ. ನಿಮ್ಮ ಗುಣಕ ಹತ್ತೊಂಬತ್ತು ವರ್ಷದಿಂದ ಸರಿಯಾಗಿ ಒಂದು. ಇಲ್ಲಿಯವರು ನಿಮ್ಮನ್ನು 'ತಕ್ಕಡಿ' ಎನ್ನುತ್ತಾರೆ.

ನಿರ್ದೇಶಕರು ಸುತ್ತೋಲೆ ಹೊರಡಿಸಿದ್ದಾರೆ. ಮುಂದಿನ ಆರು ತಿಂಗಳಲ್ಲಿ ಯಾವ ವೀಕ್ಷಕರ ಗುಣಕ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಅಲ್ಲಾಡುತ್ತದೋ ಅವರ ಲೆಕ್ಕವನ್ನು ಅಕ್ಟೋಬರ್ ಒಂದರಿಂದ ಕೈಬಿಡಲಾಗುವುದು. ನಿಮ್ಮ ಬೆಟ್ಟಕ್ಕೆ ನೀವೊಬ್ಬರೇ ವೀಕ್ಷಕರು; ನಿಮ್ಮನ್ನು ಬಿಟ್ಟರೆ ಬೆಟ್ಟವನ್ನೇ ಬಿಟ್ಟಂತೆ, 1908ರಿಂದ ಕಡಿಯದೆ ಬಂದ ಹಾಳೆಗಳ ಸಾಲೂ ಅಲ್ಲಿಗೇ ಮುಗಿದಂತೆ. ತಕ್ಕಡಿಗೆ ಇದರಿಂದ ಭಯವಿಲ್ಲ ಎಂದು ಬಲ್ಲೆ. ನಿಯಮದಂತೆ ತಿಳಿಸಿದ್ದೇನೆ, ಅಷ್ಟೆ.

ಇತಿ,
ವಾಸುಗಿ


ಕುಳಿರ್‌ಮಲೆ
ಏಪ್ರಿಲ್ 11, 1990

ಸೂರ್ಯನಿಗೇ ಜಾತಕ ಬರೆಯುವ ಶ್ರೀಮತಿ ವಾಸುಗಿ ಅವರ ಸನ್ನಿಧಿಗೆ,

ತಕ್ಕಡಿಯ ನಮಸ್ಕಾರಗಳು.

ಇಪ್ಪತ್ತೇಳು ವರ್ಷಗಳಿಂದ ಬೆಳಿಗ್ಗೆ ಎಂಟು ಗಂಟೆಗೆ ಸೂರ್ಯ ನನ್ನ ಮುಂದೆ ಹಾಜರಿ ಹಾಕುತ್ತಾ ಬಂದಿದ್ದಾನೆ. ದೂರದರ್ಶಕದ ಹಿಂದಿನ ಮರದ ಹಲಗೆಗೆ ಹೊಸ ಹಾಳೆ ಚುಚ್ಚುತ್ತೇನೆ. ಅವನು ಅದರ ಮೇಲೆ ಊಟದ ತಟ್ಟೆಯಷ್ಟು ಅಗಲ ಬಂದು ಕೂರುತ್ತಾನೆ. ಅವನ ಮೈಮೇಲಿನ ಒಂದೊಂದು ಕಲೆಯನ್ನೂ ಪೆನ್ಸಿಲಿನಲ್ಲಿ ತೀಡಿ, ಎಣಿಸಿ, ಸಹಿ ಹಾಕುತ್ತೇನೆ. ಮೋಡ ಕವಿದ ದಿನ ಖಾಲಿ ಹಾಳೆಯ ಮೇಲೆ 'ಮೋಡ' ಎಂದು ಬರೆದು ಅದಕ್ಕೂ ಸಹಿ ಹಾಕುತ್ತೇನೆ. ಹೆಂಡತಿಯ ಮುಖವನ್ನು ಇಷ್ಟು ನಿಗಾ ಇಟ್ಟು ನೋಡಿದ್ದರೆ ಸಂಸಾರ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಮನೆಯಾಕೆ ಹೇಳುವುದುಂಟು.

ನನ್ನ ಕಣ್ಣುಗಳು ಕ್ಷೇಮ. ಸುತ್ತೋಲೆಯನ್ನು ಗೋಡೆಗೆ ಅಂಟಿಸಿದ್ದೇನೆ.

ಕ್ಷೇಮವಿಲ್ಲದಿರುವುದು ಮನೆಯ ವಾತಾವರಣ. ನಮ್ಮ ಅತ್ತೆ ಸವರಿಯಮ್ಮಾಳ್ ನಾಗರಕೋವಿಲ್ ಕಡೆಯಿಂದ ಬಂದು ಬಿಡಾರ ಹೂಡಿದ್ದಾರೆ. ವಯಸ್ಸು ಎಪ್ಪತ್ತೊಂದು, ನಲವತ್ತು ವರ್ಷ ಕಾನ್ವೆಂಟಿನಲ್ಲಿ ಲೇಸ್ ಹೆಣೆದವರು. ಕಣ್ಣಿಗೆ ಪೊರೆ ಬಂದು ಐದು ವರ್ಷ ಗೋಡೆ ತಡವಿಕೊಂಡು ನಡೆಯುತ್ತಿದ್ದರು. ಆಗ ನಮ್ಮ ನಡುವೆ ಬಲು ಪ್ರೀತಿ. ಜನವರಿಯಲ್ಲಿ ಮಧುರೆಯ ಶಿಬಿರದಲ್ಲಿ ಪೊರೆ ತೆಗೆದು ಒಳಗೆ ಲೆನ್ಸ್ ಕೂರಿಸಿದರು ನೋಡಿ, ಅಂದಿನಿಂದ ಅವರಿಗೆ ಎಲ್ಲವೂ ಕಾಣುತ್ತಿದೆ. ಅಕ್ಕಿಯಲ್ಲಿ ಕಲ್ಲು, ನನ್ನ ಕಾಲರಿನಲ್ಲಿ ಕೊಳೆ, ಗೋಡೆಯ ಮೇಲಿನ ಪೋಪರ ಪಟದಲ್ಲಿ ಧೂಳು. ನಿನ್ನೆ ಅಂದರು: "ಅಳಿಯಂದ್ರೇ, ನಿಮಗೆ ಇಷ್ಟೊಂದು ವಯಸ್ಸಾಗಿದೆ ಅಂತ ನನಗೆ ಯಾರೂ ಹೇಳ್ಲೇ ಇಲ್ವಲ್ಲ!"

ಗುಣಕ ಕಟ್ಟಬೇಕಾದದ್ದು ಇಂಥ ಕಣ್ಣಿಗೆ ಎಂದು ತಮಾಷೆಗೆ ಬರೆಯುತ್ತಿದ್ದೇನೆ.

ವಿಧೇಯ,
ಇರುದಯರಾಜ್


ಮದರಾಸು
ಜೂನ್ 12, 1990

ಶ್ರೀ ಇರುದಯರಾಜ್ ಅವರಿಗೆ,

ತಮಾಷೆಯ ಕಾಗದ ಓದಿ ಕಚೇರಿಯೆಲ್ಲ ನಕ್ಕಿತು. ಈ ಕಾಗದ ಅಂಥದ್ದಲ್ಲ.

ಏಪ್ರಿಲಿನಲ್ಲಿ ನಿಮ್ಮ ಗುಣಕ 1.03 ಇತ್ತು. ಮೇ ತಿಂಗಳಿಂದ ಜೂನ್ ಹತ್ತರವರೆಗೆ ಕೂಡಿಸಿ ನೋಡಿದರೆ 1.07. ಎಂದರೆ ಉಳಿದವರಿಗೆ ಕಾಣುವ ಸಣ್ಣ ಕಲೆಗಳು ನಿಮಗೆ ಕಾಣುತ್ತಿಲ್ಲ. ದೊಡ್ಡವೆಲ್ಲ ಸರಿಯಾಗಿವೆ, ಸಾಸಿವೆಯಂಥವು ಮಾಯ. ತೆಳು ಮೋಡವೇ? ಗಾಜು ಒರೆಸಿ ಎಷ್ಟು ದಿನವಾಯಿತು?

ಇದಕ್ಕೆ ತಿರುಗುಮುರುಗು ಇನ್ನೊಂದು. ಜೂನ್ ಆರು, ಏಳು, ಎಂಟು, ಈ ಮೂರು ದಿನ ನೀವು ಐದನೆಯದೊಂದು ಗುಂಪನ್ನು ತಂತಿಯಲ್ಲಿ ಕಳಿಸಿದ್ದೀರಿ. ಅದು ಬೇರೆ ಯಾವ ಊರಿಗೂ ಕಂಡಿಲ್ಲ. ಒಂಬತ್ತಕ್ಕೆ ನಿಮಗೂ ಕಂಡಿಲ್ಲ. ಸಾಸಿವೆ ಕಾಣದ ಕಣ್ಣಿಗೆ ಯಾರಿಗೂ ಕಾಣದ ಗುಂಪು ಕಂಡದ್ದು ಹೇಗೆ?

ಹತ್ತನೇ ಒಂದು ಪಾಲೆಂಬ ಗೆರೆ ದೂರವಿಲ್ಲ. ನಿಮ್ಮ ಬೆಟ್ಟದ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕುವ ಕೆಂಪು ಪೆನ್ನು ನನ್ನ ಕೈಗೆ ಬರುವುದು ನನಗಿಷ್ಟವಿಲ್ಲ.

ಇತಿ,
ವಾಸುಗಿ


ಕುಳಿರ್‌ಮಲೆ
ಜೂನ್ 18, 1990

ಅಮ್ಮಾ ವಾಸುಗಿ ಅವರಿಗೆ,

ತಪ್ಪು ನನ್ನದಲ್ಲ, ಮಂಜಿನದು, ಕಾಗದದ್ದು, ಪೆನ್ಸಿಲಿನದು. ಈ ಸಲ ಬಂದ ಹಾಳೆ ಹಪ್ಪಳದ ಹಾಗೆ ದೊರಗು. ಅದರ ಮೇಲೆ ಸಾಸಿವೆ ಹುಡುಕುವುದೆಂದರೆ ಗಡ್ಡದಲ್ಲಿ ಎಳ್ಳು ಹುಡುಕಿದ ಹಾಗೆ. ಕಳೆದ ಸೋಮವಾರದಿಂದ ಪೆನ್ಸಿಲ್ ಬದಲಿಸಿದ್ದೇನೆ. ಇನ್ನು ಕೊರತೆ ಇರದು.

ಐದನೇ ಗುಂಪಿನ ಬಗ್ಗೆ ಇಷ್ಟೇ ಹೇಳುತ್ತೇನೆ: ಬೆಟ್ಟದ ಮೇಲಿನವರಿಗೆ ಕಂಡದ್ದೆಲ್ಲ ಬಯಲಿನವರಿಗೆ ಕಾಣಬೇಕೆಂದಿಲ್ಲ.

ಮನೆಯ ಸುದ್ದಿ: ಮನೆಯಾಕೆಗೆ ಮೊಣಕಾಲು ಊದಿದೆ. ಬೆಳಗಿನ ತಿಂಡಿಯ ಡಬ್ಬಿಯನ್ನು ಈಗ ಅತ್ತೆಯೇ ಬೆಟ್ಟ ಹತ್ತಿಸುತ್ತಾರೆ. ನೂರಾ ಹನ್ನೆರಡು ಮೆಟ್ಟಿಲು. ಒಂದೊಂದಕ್ಕೂ ಒಂದೊಂದು ಜಪಮಣಿ ಉರುಳಿಸುತ್ತಾ ಬರುತ್ತಾರೆ. ಮೊದಲ ದಿನ ಹಲಗೆಯ ಮೇಲೆ ಬಿದ್ದ ಸೂರ್ಯನನ್ನು ಸುಮಾರು ಹೊತ್ತು ನೋಡಿ, "ಇಷ್ಟೇನಾ? ಇದನ್ನ ನೋಡೋಕಾ ನಿಮಗೆ ಸರ್ಕಾರ ಕ್ವಾರ್ಟರ್ಸ್ ಕೊಟ್ಟಿರೋದು?" ಎಂದರು. ಅಂಥವರ ಮುಂದೆ ವಿಜ್ಞಾನದ ಮಾನ ಕಾಪಾಡುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿರಲಾರದು.

ವಿಧೇಯ,
ಇರುದಯರಾಜ್


ಮದರಾಸು
ಜುಲೈ 20, 1990

ಶ್ರೀ ಇರುದಯರಾಜ್ ಅವರಿಗೆ,

ಆ ಪೆನ್ಸಿಲ್ ಯಾವ ಅಂಗಡಿಯದು ತಿಳಿಸಿ. ನಮ್ಮ ಎಲ್ಲ ವೀಕ್ಷಕರಿಗೂ ಒಂದೊಂದು ತರಿಸುತ್ತೇನೆ.

ಜೂನ್ ಹನ್ನೊಂದರಿಂದೀಚೆಗೆ ನಿಮ್ಮ ಗುಣಕ 0.86. ಎಂದರೆ ಈಗ ಈ ಪಟ್ಟಿಯಲ್ಲಿ ನಿಮ್ಮಷ್ಟು ಕಲೆ ಕಾಣುವವರು ಯಾರೂ ಇಲ್ಲ. ಉಳಿದವರಿಗೆ ಅರವತ್ತು ಕಂಡಲ್ಲಿ ನಿಮಗೆ ಎಪ್ಪತ್ತು. ಮನುಷ್ಯರ ಕಣ್ಣಿಗೆ ವಯಸ್ಸಾಗುತ್ತದೆ, ಗುಣಕ ವರ್ಷ ವರ್ಷಕ್ಕೆ ಒಂದು ಕೂದಲೆಳೆಯಷ್ಟು ಏರುತ್ತದೆ. ಇದು ನಮ್ಮ ಕಸುಬಿನ ಮೊದಲ ಪಾಠ. ನಿಮ್ಮ ಕಣ್ಣಿಗೆ ಒಂದೇ ವಾರಾಂತ್ಯದಲ್ಲಿ ಪ್ರಾಯ ಬಂದಿದೆ.

ನೀವು ಅಂಚೆಯಲ್ಲಿ ಕಳಿಸುವ ಹಾಳೆಗಳನ್ನೂ ತೆಗೆದು ನೋಡಿದೆ. ಮೊದಲು ನಿಮ್ಮ ಕಲೆಗಳು ಮೆಣಸಿನ ಕಾಳುಗಳ ಹಾಗೆ ದುಂಡಗೆ ಇರುತ್ತಿದ್ದವು. ಈಗ ಅಂಚಿಗೆಲ್ಲ ಎಸಳು, ಎಸಳಿನ ನಡುವೆ ಎಳೆ. ಚೆಂದವಾಗಿದೆ. ಆ ಚೆಂದವೇ ತೊಂದರೆ.

ನಿರ್ದೇಶಕರು ಹೇಳುವುದಿಷ್ಟು: "ಗುಣಕ ಏರಿದ್ದು ನೋಡಿ ಹೆದರಿದ್ದಾರೆ. ಸರಿದೂಗಿಸೋಕೆ ಮನೇಲಿ ಕೂತು ಕಲೆ ಸೇರಿಸ್ತಿದ್ದಾರೆ. ಸರಿದೂಗಿಸೋ ಭರದಲ್ಲಿ ಗೆರೆ ದಾಟಿ ಆಚೆಗೆ ಬಿದ್ದಿದ್ದಾರೆ." ನಾನು ಅಲ್ಲಗಳೆಯಲಿಲ್ಲ.

ನೇರವಾಗಿ ಕೇಳುತ್ತೇನೆ. ಇಲ್ಲದ ಕಲೆಗಳನ್ನು ಸೇರಿಸುತ್ತಿದ್ದೀರಾ?

ಇತಿ,
ವಾಸುಗಿ


ಕುಳಿರ್‌ಮಲೆ
ಜುಲೈ 27, 1990

ಮಾನ್ಯರೇ,

ಇಲ್ಲ.

ನನ್ನ ಮದುವೆಯ ದಿನ ಬೆಳಿಗ್ಗೆ ಎಂಟಕ್ಕೆ ಸೂರ್ಯನ ಮೇಲೆ ಇದ್ದದ್ದು ಎರಡು ಗುಂಪು, ಏಳು ಕಲೆ. ಇಗರ್ಜಿಯಲ್ಲಿ ಎಲ್ಲರೂ ಕಾಯುತ್ತಿದ್ದರು. ಎಂಟನೆಯದೊಂದು ಇದ್ದೂ ಇಲ್ಲದ ಹಾಗಿತ್ತು, ಎಂಟು ಎಂದು ಬರೆದು ಓಡಬಹುದಿತ್ತು. ಎರಡು ಸಲ ನೋಡಿ, ಅದಿಲ್ಲವೆಂದು ಖಚಿತವಾದ ಮೇಲೆ ಏಳು ಎಂದೇ ಬರೆದು ಹೋದೆ. ಆ ಹಾಳೆ ನಿಮ್ಮ ಕಪಾಟಿನಲ್ಲೇ ಇದೆ.

ನಾವು ಕಳಿಸಿದ ಒಂದೊಂದು ಕಲೆಯೂ ಸೂರ್ಯನ ಮೇಲೆ ಇದೆ. ಬೇರೆ ವೀಕ್ಷಣಾಲಯದ ಫೋಟೊ ಬಂದಾಗ ಭೂತಗನ್ನಡಿ ಹಿಡಿದು ಹೋಲಿಸಿ ನೋಡಿಕೊಳ್ಳಿ.

ಇರುದಯರಾಜ್


ಮದರಾಸು
ಆಗಸ್ಟ್ 20, 1990

ಇರುದಯರಾಜ್ ಅಯ್ಯಾ ಅವರಿಗೆ,

ಕ್ಷಮಿಸಿ. ಕಾರಣ ಕೆಳಗಿದೆ.

ಆಗಸ್ಟ್ ಹದಿನಾಲ್ಕರ ಬೆಳಿಗ್ಗೆ ನಿಮ್ಮ ತಂತಿ ಬಂತು: ಗುಂಪು ಎಂಟು, ಕಲೆ ಎಪ್ಪತ್ತೊಂದು, ಐದನೇ ಗುಂಪು ಗಂಟು, ಹರಿಯುತ್ತದೆ. ಕೊನೆಯ ಎರಡು ಮಾತು ನಮ್ಮ ಯಾವ ಸಂಕೇತದ ಪುಸ್ತಕದಲ್ಲೂ ಇಲ್ಲ. ಅಂದು ಕೇಂದ್ರದಿಂದ ಹೋದ ಪದ 'ಶಾಂತ'. ಹನ್ನೊಂದು ನಲವತ್ತಕ್ಕೆ ಐದನೇ ಗುಂಪು ಸಿಡಿಯಿತು. ದೂರದ ರೇಡಿಯೊ ಐವತ್ತು ನಿಮಿಷ ಸತ್ತು ಬಿತ್ತು.

ಅಂಡಮಾನಿಗೆ ಹೊರಟಿದ್ದ ಹಡಗಿನಲ್ಲಿ ಒಬ್ಬ ಹೆಂಗಸಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ದಡದಲ್ಲಿ ಕೂತ ಡಾಕ್ಟರಮ್ಮ ಹಡಗಿನವರಿಗೆ ರೇಡಿಯೊದಲ್ಲಿ ಒಂದೊಂದಾಗಿ ಹೇಳಿಕೊಡುತ್ತಿದ್ದರು. ಬೆಳಗಿನಿಂದ ನಿಧಾನವಾಗಿಯೇ ಹೇಳುತ್ತಿದ್ದರು, ಏಕೆಂದರೆ ಸೂರ್ಯ ಶಾಂತ ಎಂದು ನಾವು ಬರೆದುಕೊಟ್ಟಿದ್ದೆವು. "ಈಗ ಮಗುವಿನ ತಲೆಯನ್ನು" ಎನ್ನುವಲ್ಲಿಗೆ ಮಾತು ನಿಂತಿತು. ಮಗು ಡಾಕ್ಟರಮ್ಮನಿಗೆ ಕಾಯದೆ ಹುಟ್ಟಿತು. ತಾಯಿ, ಮಗು ಕ್ಷೇಮ. ಹಡಗಿನ ಅಡುಗೆಯವನಿಗೆ ಎರಡು ದಿನ ಜ್ವರ ಬಂದಿತ್ತಂತೆ. ಹೆರಿಗೆ ಮಾಡಿಸಿದವನು ಅವನೇ.

ಬುಲೆಟಿನ್ ತಪ್ಪಿದ್ದು ಹೇಗೆಂದು ವಿಚಾರಣೆ ನಡೆಯುತ್ತಿದೆ.

ಫೋಟೊಗಳು ನಿನ್ನೆ ಬಂದವು. ನೀವು ಹೇಳಿದಂತೆ ಭೂತಗನ್ನಡಿ ಹಿಡಿದು ಹದಿನಾಲ್ಕರ ಎಪ್ಪತ್ತೊಂದನ್ನೂ ಒಂದೊಂದಾಗಿ ಹುಡುಕಿದೆ. ಎಪ್ಪತ್ತೊಂದೂ ಇವೆ. ಎಸಳು, ಎಳೆ, ಗಂಟು ಎಲ್ಲವೂ ಇವೆ.

ನಿರ್ದೇಶಕರು ಈಗ ನಿಮ್ಮ ಭಕ್ತರು. ದೇಶದಲ್ಲೇ ಇಂಥ ಕಣ್ಣಿಲ್ಲ ಎನ್ನುತ್ತಿದ್ದಾರೆ. ಸೆಪ್ಟೆಂಬರ್ ಇಪ್ಪತ್ತರ ಬೆಳಿಗ್ಗೆ ಸ್ವತಃ ಬೆಟ್ಟಕ್ಕೆ ಬಂದು, ನೀವು ಹಾಳೆ ತೀಡುವುದನ್ನು ಪಕ್ಕದಲ್ಲೇ ನಿಂತು ನೋಡಿ, ಶಾಲು ಹೊದಿಸುತ್ತಾರಂತೆ. ಆದರೆ ಗುಣಕದ ಗೆರೆ ಗೆರೆಯೇ. ಒಂದು ಇದ್ದದ್ದು 0.86 ಆಗಿದೆ. ಶಾಲು ಹೊದಿಸಿ ಅಲ್ಲೇ ಪಟ್ಟಿಯಿಂದ ತೆಗೆಯುತ್ತಾರೋ ಏನೋ, ನನಗೂ ತಿಳಿಯದು.

ಇತಿ,
ವಾಸುಗಿ


ಕುಳಿರ್‌ಮಲೆ
ಆಗಸ್ಟ್ 25, 1990

ಅಮ್ಮಾ ವಾಸುಗಿ,

ಶಾಲು ಬೇಡ. ಹೊದಿಸಿದರೆ ಅದರಲ್ಲಿ ಮುಖ ಮುಚ್ಚಿಕೊಳ್ಳಬೇಕಾದೀತು.

ಎರಡು ವರ್ಷದಿಂದ ನನ್ನ ಎರಡೂ ಕಣ್ಣಿಗೆ ಪೊರೆ ಬೆಳೆಯುತ್ತಿದೆ. ನಮ್ಮ ತಂದೆಗೂ ಇದೇ ಬಂದಿತ್ತು. ಆ ಕಾಲದಲ್ಲಿ ಕೊಯ್ಯಿಸಿಕೊಂಡು ಇದ್ದ ಕಣ್ಣನ್ನೂ ಕಳೆದುಕೊಂಡರು. ಅದಕ್ಕೇ ನಾನು ಯಾರಿಗೂ ಹೇಳಲಿಲ್ಲ. ಸೂರ್ಯನನ್ನು ಅಭ್ಯಾಸಬಲದಿಂದ ನೋಡುತ್ತಿದ್ದೆ. ನಿಮ್ಮ ಸುತ್ತೋಲೆಗೆ ಉತ್ತರ ಬರೆದಾಗಲೂ ಅಕ್ಷರ ದಪ್ಪವಾಗಿದ್ದದ್ದು ಗತ್ತಿನಿಂದಲ್ಲ.

ಜೂನ್ ಎಂಟು, ಶುಕ್ರವಾರ. ಅತ್ತೆ ಮೊದಲ ಸಲ ಡಬ್ಬಿ ತಂದ ದಿನ. 'ಇಷ್ಟೇನಾ' ಎಂದದ್ದನ್ನು ನಿಮಗೆ ಬರೆದಿದ್ದೆ. ಅದರ ಮುಂದಿನದನ್ನು ಬರೆದಿರಲಿಲ್ಲ.

"ಅಳಿಯಂದ್ರೇ, ಆ ಮೂಲೇಲಿ ಒಂದೇ ಒಂದು ಕೂತಿದೆಯಲ್ಲ, ಅದೇನು?"

"ಅದು ಐದನೇ ಗುಂಪು, ಅತ್ತೆ. ಮೂರು ದಿನದಿಂದ ಇದೆ."

"ಮೂರು ದಿನದಿಂದ ಅಲ್ಲೇ ಇದೆಯಾ?"

"ಅಲ್ಲೇ ಇದೆ."

"ಸೂರ್ಯ ತಿರುಗ್ತಾನೆ, ಕಲೆಗಳೆಲ್ಲ ದಿನಕ್ಕೆ ಒಂದು ಬೆರಳು ಪಶ್ಚಿಮಕ್ಕೆ ಸರೀತವೆ ಅಂತ ನನ್ನ ಮಗಳ ನಿಶ್ಚಿತಾರ್ಥದ ದಿನ ಪಂಕ್ತಿಗೆಲ್ಲ ಪಾಠ ಹೇಳಿದ್ರಿ. ಅನ್ನ ಆರಿಹೋಯ್ತು. ಮಿಕ್ಕವೆಲ್ಲ ಸರೀತಿರುವಾಗ ಇವನೊಬ್ಬ ಯಾಕೆ ಹೀಗೆ ಕೂತಿದ್ದಾನೆ? ಇವನಿಗೇನು ರಜವಾ?"

ಅಮ್ಮಾ, ಇಷ್ಟು ವರ್ಷ ತರಬೇತಿಗೆ ಬಂದ ಹೊಸಬರಿಗೆ ನಾನು ಕಲಿಸುತ್ತಾ ಬಂದ ಮೊದಲ ಮಾತೇ ಅದು: ಅನುಮಾನ ಬಂದರೆ ಹಲಗೆ ಅಲ್ಲಾಡಿಸು, ಸೂರ್ಯನ ಕಲೆ ಸೂರ್ಯನ ಜೊತೆ ಇರುತ್ತದೆ, ಹಲಗೆಯ ಕೊಳೆ ಹಲಗೆಯ ಜೊತೆ ಹೋಗುತ್ತದೆ. ನಾನು ಅಲ್ಲಾಡಿಸಿರಲಿಲ್ಲ. ಅನುಮಾನ ಬರಲು ಮೊದಲು ಕಣ್ಣು ಕಾಣಬೇಕಲ್ಲ. ಅತ್ತೆ ಹಾಳೆ ಎತ್ತಿದರು. ಕೆಳಗಿನ ಹಲಗೆಯನ್ನು ಬೆರಳಿನಿಂದ ಒತ್ತಿ, ಬೆರಳನ್ನು ಮೂಸಿದರು.

"ಯೇಸಪ್ಪಾ! ಇದು ನಾನು ಬುಧವಾರ ಮಾಡಿದ ವತ್ತಕುಳಂಬು!"

ಕುಳಂಬು ಎಂದರೆ ನಮ್ಮ ಕಡೆಯ ಹುಳಿಗೊಜ್ಜು; ತಿಂಡಿ ಡಬ್ಬಿಯಿಂದ ಹಲಗೆಯ ಮೇಲೆ ಬಿದ್ದಿದ್ದ ಅದರ ಎಣ್ಣೆ ದಿನಕ್ಕೊಂದು ಹೊಸ ಹಾಳೆಗೆ ಮೂಡುತ್ತಿತ್ತು. ಅದನ್ನೇ ನಾನು ಮೂರು ದಿನ ಸರ್ಕಾರದ ತಂತಿಯಲ್ಲಿ ಮದರಾಸಿಗೆ ಕಳಿಸಿದೆ; ಅಂದಿನ ತಂತಿಯೂ ಅತ್ತೆ ಬರುವ ಮೊದಲೇ ಹೋಗಿತ್ತು. ಮದರಾಸಿನವರು ಅದರ ಆಧಾರದ ಮೇಲೆ ಹಡಗುಗಳನ್ನು ನಡೆಸಿದರು.

ಅತ್ತೆ ನಗಲಿಲ್ಲ. ನಕ್ಕಿದ್ದರೆ ಬೈದು ಬಚಾವಾಗುತ್ತಿದ್ದೆ. ನನ್ನ ಮುಖದ ಮುಂದೆ ಕೈ ಹಿಡಿದು, "ಎಷ್ಟು ಬೆರಳು?" ಎಂದು ಕೇಳಿದರು. ಹೇಳಿದೆ. "ಉಗುರಲ್ಲಿ ಏನು ಸಿಕ್ಕಿದೆ?" ಎಂದರು. ಹೇಳಲಾಗಲಿಲ್ಲ. "ಅರಿಸಿನ" ಎಂದು ಸ್ಟೂಲು ಎಳೆದುಕೊಂಡು ಕೂತರು. "ಪೆನ್ಸಿಲ್ ಕೊಡಿ ಇತ್ಲಾಗೆ."

ಸೋಮವಾರದಿಂದ ಹೀಗೆ ನಡೆದಿದೆ. ಗಡಿಯಾರ ನೋಡುವುದು, ಪೂರ್ವ ಪಶ್ಚಿಮ ಗುರುತು ಹಾಕುವುದು, ಗುಂಪು ಬೇರೆ ಮಾಡುವ ನಿಯಮ ಹೇಳುವುದು, ಕೂಡುವುದು, ತಂತಿ ಕಳಿಸುವುದು ನಾನು. ನೋಡುವುದೂ ತೀಡುವುದೂ ಅವರು. ಸಹಿ ಮಾತ್ರ ನನ್ನದು. 'ನಾವು ಕಳಿಸಿದ ಕಲೆ' ಎಂದು ಕಳೆದ ಕಾಗದದಲ್ಲಿ ಕೈತಪ್ಪಿ ಬರೆದಿದ್ದೆ, ನೀವು ಗಮನಿಸಲಿಲ್ಲ.

ಹದಿನಾಲ್ಕರ ಬೆಳಿಗ್ಗೆ ಐದನೇ ಗುಂಪು ನೋಡಿ ಅವರು ಅಂದರು: "ಇದು ಗಂಟು ಬಿದ್ದಿದೆ. ಎರಡು ಕಡೆಯಿಂದ ನೂಲು ಬಿಗೀತಿದೆ. ಹರಿಯುತ್ತೆ ನೋಡ್ತಿರಿ." ಸಂಕೇತದಲ್ಲಿ ಅಂಥ ಪದವಿಲ್ಲ ಎಂದೆ. "ಇಲ್ಲದಿದ್ರೆ ಸೇರಿಸಿ. ಹರಿಯೋದು ಪುಸ್ತಕ ನೋಡ್ಕೊಂಡು ಹರಿಯುತ್ತಾ?" ಎಂದರು. ಸೇರಿಸಿದೆ.

ನನ್ನನ್ನು ಏನು ಬೇಕಾದರೂ ಮಾಡಿ. ಬೇಡುವುದು ಒಂದೇ. ನನ್ನ ಸುಳ್ಳಿಗಾಗಿ ಎಂಬತ್ತೆರಡು ವರ್ಷದ ಸಾಲನ್ನು ಕಡಿಯಬೇಡಿ. ಸಹಿ ಸುಳ್ಳು, ಸೂರ್ಯ ಸುಳ್ಳಲ್ಲ.

ಇರುದಯರಾಜ್


ಮದರಾಸು
ಆಗಸ್ಟ್ 31, 1990

ಇರುದಯರಾಜ್ ಅಯ್ಯಾ ಅವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಎರಡನೇ ಸಲ ಕುಳಂಬಿನ ಜಾಗದಲ್ಲಿ ಬಾಗಿಲು ಹಾಕಿಕೊಳ್ಳಬೇಕಾಯಿತು. ಆಮೇಲೆ ನಿಯಮಗಳ ಪುಸ್ತಕ ತೆಗೆದೆ.

ವೀಕ್ಷಕರಿಗೆ ಇಷ್ಟು ವಯಸ್ಸಿರಬೇಕು, ಇಷ್ಟು ಓದಿರಬೇಕು, ಅತ್ತೆಯಾಗಿರಬಾರದು ಎಂದು ಎಲ್ಲೂ ಇಲ್ಲ. ಹನ್ನೊಂದನೇ ನಿಯಮ ಇಷ್ಟೇ: ಹಾಳೆಯ ಬಲತುದಿಯಲ್ಲಿ ಕಲೆಗಳನ್ನು ಕಂಡವರ ಹೆಸರು ಇರತಕ್ಕದ್ದು. ಆ ಒಂದು ನಿಯಮವನ್ನು ನೀವು ಐವತ್ತೆಂಟು ಸಲ ಮುರಿದಿದ್ದೀರಿ. ಮೋಡದ ಹಾಳೆಗಳನ್ನು ಬಿಟ್ಟಿದ್ದೇನೆ. ಮೋಡವನ್ನು ನೀವೂ ಕಾಣಬಲ್ಲಿರಿ.

ಸುತ್ತೋಲೆಯನ್ನೂ ಮತ್ತೆ ಓದಿದೆ. ಅಲ್ಲಿ ಇರುವುದು 'ವೀಕ್ಷಣಾಲಯದ ಗುಣಕ' ಅಲ್ಲ, 'ವೀಕ್ಷಕರ ಗುಣಕ'. ಆದ್ದರಿಂದ ಲೆಕ್ಕವನ್ನು ಎರಡು ಪಾಲು ಮಾಡಿದೆ. ಜೂನ್ ಹತ್ತರವರೆಗೆ ಇರುದಯರಾಜ್: 1.07. ಕುಳಂಬನ್ನು ಕಳೆದರೆ 1.09. ಕುಳಂಬು ನಿಮ್ಮನ್ನು ಸ್ವಲ್ಪ ಕಾಪಾಡಿತ್ತು. ಅದಿಲ್ಲದೆಯೂ ಒಂದು ಕೂದಲೆಳೆಯ ಅಂತರದಲ್ಲಿ ಗೆರೆಯ ಒಳಗಿದ್ದೀರಿ. ಜೂನ್ ಹನ್ನೊಂದರಿಂದ ಸವರಿಯಮ್ಮಾಳ್: 0.86, 0.87, 0.86. ಇದು ಬಂಡೆ. ಎರಡರಲ್ಲಿ ಯಾವ ಕಣ್ಣೂ ಹತ್ತನೇ ಒಂದು ಪಾಲು ಅಲ್ಲಾಡಿಲ್ಲ. ಹಾಳೆಗಳ ಮೇಲೆ ಸರಿಯಾದ ಹೆಸರು ಬಿದ್ದರೆ ಬೆಟ್ಟವನ್ನು ಪಟ್ಟಿಯಿಂದ ತೆಗೆಯಲು ಕಾರಣವೇ ಇಲ್ಲ. ಹಾಳೆಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಿಂದಕ್ಕೆ ಕಳಿಸಿದ್ದೇನೆ. ಕಂಡವರ ಕೈಯಲ್ಲಿ ಸಹಿ ಮಾಡಿಸಿ ಕಳಿಸಿ.

ನಿರ್ದೇಶಕರಿಗೆ ಎಲ್ಲ ಹೇಳಿದೆ. ಸುಮಾರು ಹೊತ್ತು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಬೆನ್ನು ಅಲ್ಲಾಡುತ್ತಿತ್ತು. ಆಮೇಲೆ ತಿರುಗಿ, ಗಂಭೀರವಾಗಿ, ಎರಡು ಮಾತು ಹೇಳಿದರು. ಒಂದು, ಸುಳ್ಳು ಸಹಿಗೆ ನಿಮಗೆ ಲಿಖಿತ ಎಚ್ಚರಿಕೆ ಬರುತ್ತದೆ. ಅದು ನಿಮ್ಮ ಸೇವಾ ಪುಸ್ತಕದಲ್ಲಿ ಉಳಿಯುತ್ತದೆ. ಎರಡು, ನೀವು ಒಂದು ತಿಂಗಳೊಳಗೆ ಮಧುರೆಗೆ ಹೋಗತಕ್ಕದ್ದು.

ಇನ್ನೊಂದಿದೆ. ಬುಲೆಟಿನ್ ತಪ್ಪಿದ್ದು ಹೇಗೆಂದು ವಿಚಾರಣೆ ನಡೆಯುತ್ತಿದೆ ಎಂದು ಬರೆದಿದ್ದೆ, ಯಾರೋ ಪರರ ವಿಷಯದ ಹಾಗೆ. ತಪ್ಪಿಸಿದವಳು ನಾನು. ನಿಮ್ಮ ಎಪ್ಪತ್ತೊಂದನ್ನು ನಾನು ನಂಬಲಿಲ್ಲ. ಗುಣಕದಿಂದ ಗುಣಿಸಿದ್ದು ಸಾಲದೆ, ನನ್ನ ಮನಸ್ಸಿಗೆ ತೋಚಿದಷ್ಟು ಇನ್ನೂ ಕಡಿದೆ. 'ಗಂಟು, ಹರಿಯುತ್ತದೆ' ಎಂಬುದನ್ನು ಮುದುಕರ ಕವಿತ್ವವೆಂದು ಹೊಡೆದು ಹಾಕಿದೆ. ಉಗ್ರವೆಂದು ಬರೆಯಬೇಕಾದ ದಿನ ಶಾಂತವೆಂದು ಬರೆದೆ. ಅಂದಿನ ಕಡತದಲ್ಲಿ 'ಯಂತ್ರದ ಅಡಚಣೆ' ಎಂದು ಯಾರೋ ಬರೆದಿದ್ದರು. ಅದನ್ನು ಬಿಡಿಸಿ ನನ್ನ ಹೆಸರು ಬರೆಸಿದ್ದೇನೆ. ನನಗೂ ಒಂದು ಲಿಖಿತ ಎಚ್ಚರಿಕೆ ಬರುತ್ತದೆ. ನಿಮ್ಮದೂ ನನ್ನದೂ ಒಂದೇ ದಿನ ಟೈಪಾಗಬಹುದು.

ಇತಿ,
ವಾಸುಗಿ


ಕುಳಿರ್‌ಮಲೆ
ಸೆಪ್ಟೆಂಬರ್ 8, 1990

ಮಗಳು ವಾಸುಗಿಗೆ ಸವರಿಯಮ್ಮಾಳ್ ಬರೆಯುವುದು.

ಯೇಸುವಿನ ದಯೆಯಿಂದ ಇಲ್ಲಿ ಎಲ್ಲರೂ ಸೌಖ್ಯ. ಅಳಿಯಂದಿರು ನಾಳೆ ಮಧುರೆಗೆ ಹೊರಡುತ್ತಾರೆ. ಭಯಪಡುತ್ತಿದ್ದಾರೆ, ತೋರಿಸಿಕೊಳ್ಳುತ್ತಿಲ್ಲ, ನನಗೆ ಕಾಣುತ್ತದೆ.

ಐವತ್ತೆಂಟು ಹಾಳೆ ಬಂದವು. ಐವತ್ತೇಳಕ್ಕೆ ಸಹಿ ಮಾಡಿದ್ದೇನೆ. ಜುಲೈ ಒಂಬತ್ತರದಕ್ಕೆ ಮಾಡಿಲ್ಲ. ಆ ದಿನ ನನಗೆ ನೆಗಡಿ ಜ್ವರ, ಬೆಟ್ಟ ಹತ್ತಲಿಲ್ಲ. ಅದನ್ನು ತೀಡಿದವರು ಅಳಿಯಂದಿರು. ಹನ್ನೊಂದೇ ಕಲೆ ಇದೆ ನೋಡು, ನಾನು ಹನ್ನೊಂದಕ್ಕೆ ನಿಲ್ಲಿಸುವವಳಲ್ಲ. ಅವರ ಹೆಸರನ್ನು ಅವರಿಗೇ ಬಿಟ್ಟಿದ್ದೇನೆ.

ಸಂಬಳ ಇಲ್ಲ ಅಂತ ಅಳಿಯಂದಿರು ಹೇಳಿದರು. ಕಾನ್ವೆಂಟಿನಲ್ಲಿ ಹೆಣೆದ ಲೇಸು ಯಾವ ಊರಿಗೆ ಹೋಯಿತು, ಯಾರು ಉಟ್ಟರು, ನಲವತ್ತು ವರ್ಷ ಯಾರೂ ಹೇಳಲಿಲ್ಲ. ಒಂದಕ್ಕೂ ನನ್ನ ಹೆಸರು ಇರಲಿಲ್ಲ. ಈಗ ಬಲಗಡೆ ತುದಿಯಲ್ಲಿ ಇದೆ. ಸಾಕು.

ಆ ಹಡಗಿನ ಮಗುವಿಗೆ ಏನು ಹೆಸರಿಟ್ಟರು? ಗೊತ್ತಾದರೆ ಬರೆ. ಗಂಡಾಗಲಿ ಹೆಣ್ಣಾಗಲಿ, ಒಂದು ಟೊಪ್ಪಿ ಹೆಣೆದಿಟ್ಟಿದ್ದೇನೆ.

ನೀನು ಎಪ್ಪತ್ತೊಂದನ್ನು ಕಡಿದೆಯಂತೆ. ಇನ್ನು ಮೇಲೆ ಕಡಿಯಬೇಡ. ನಾನು ಇರುವುದನ್ನೇ ಎಣಿಸುತ್ತೇನೆ.

ಇತಿ,
ಸವರಿಯಮ್ಮಾಳ್, ವೀಕ್ಷಕಿ


ಕುಳಿರ್‌ಮಲೆ
ಅಕ್ಟೋಬರ್ 17, 1990

ಅಮ್ಮಾ ವಾಸುಗಿ,

ಮಗುವಿನ ಹೆಸರು ತಿಳಿಸಿದ್ದಕ್ಕೆ ಅತ್ತೆ ವಂದನೆ ಹೇಳಿದ್ದಾರೆ. ಹೆಣ್ಣು ಮಗುವಿಗೆ 'ಕಡಲರಸಿ' ಎಂಬುದು ಸರಿಯೇ. ಆದರೆ ಹೆರಿಗೆ ಮಾಡಿಸಿದ ಅಡುಗೆಯವನ ಹೆಸರನ್ನೂ ಎಲ್ಲಾದರೂ ಸೇರಿಸಬೇಕಿತ್ತು ಎಂಬುದು ಅವರ ಅಭಿಪ್ರಾಯ. ಹೆಸರಿನ ವಿಷಯದಲ್ಲಿ ಅವರು ಈಗ ಬಹಳ ಕಟ್ಟುನಿಟ್ಟು. ಟೊಪ್ಪಿ ಅಂಚೆಗೆ ಬಿದ್ದಿದೆ.

ಅಕ್ಟೋಬರ್ ಒಂದರ ಪಟ್ಟಿಯಲ್ಲಿ ಬೆಟ್ಟದ ಹೆಸರು ನೋಡಿದೆ. ಒಂದು ಕಣ್ಣಿನಲ್ಲಿ ನೋಡಿದೆ, ಇನ್ನೊಂದಕ್ಕೆ ಹತ್ತಿ ಕಟ್ಟಿತ್ತು. ನಿರ್ದೇಶಕರು ತಂದ ಶಾಲು ಅತ್ತೆಯ ಹೆಗಲೇರಿತು. ಬೆಟ್ಟದ ಚಳಿಗೆ ಚೆನ್ನಾಗಿದೆ ಎಂದು ಅವರು ಅದನ್ನು ಹೊದ್ದೇ ಕಲೆ ಎಣಿಸುತ್ತಾರೆ. ನನ್ನ ಎಚ್ಚರಿಕೆಯ ಪತ್ರವನ್ನು ಸುತ್ತೋಲೆಯ ಪಕ್ಕದಲ್ಲಿ ಅಂಟಿಸಿದ್ದೇನೆ. ನಿಮ್ಮದು ಬಂದಿದ್ದರೆ ತಿಳಿಸಿ. ಅಕ್ಷರ ಒಂದೇ ಯಂತ್ರದ್ದೇ ಎಂದು ಹೋಲಿಸೋಣ.

ಮಧುರೆಯಲ್ಲಿ ಏನೂ ನೋಯಲಿಲ್ಲ. ಎರಡು ವರ್ಷ ಸುಮ್ಮನೆ ಹೆದರಿದ್ದೆ.

ಈಗ ಅಧಿಕೃತ ವರದಿ. ನೀವು ಕಳೆದ ವಾರ ಬರೆದಂತೆ, ಹೊಸ ಕಣ್ಣಿಗೆ ಹಳೆಯ ಗುಣಕ ನಡೆಯುವುದಿಲ್ಲ. ಹೊಸ ವೀಕ್ಷಕನೆಂದೇ ದಾಖಲಿಸಿ ಒಂದು ವರ್ಷ ಪರೀಕ್ಷೆಯಲ್ಲಿಡಬೇಕು. ಅಲ್ಲಿಯವರೆಗೆ ಹಿರಿಯ ವೀಕ್ಷಕರು ಅವನ ಹಾಳೆ ನೋಡಿ ಒಪ್ಪಬೇಕು. ಕುಳಿರ್‌ಮಲೆಯ ಹಿರಿಯ ವೀಕ್ಷಕರು ಯಾರೆಂದು ನಾನು ಬರೆಯಬೇಕಾಗಿಲ್ಲ. ಇಪ್ಪತ್ತೇಳು ವರ್ಷ ಸೇವೆ ಸಲ್ಲಿಸಿ, ಐವತ್ತೇಳನೆಯ ವಯಸ್ಸಿನಲ್ಲಿ, ಅತ್ತೆಯ ಕೈಕೆಳಗೆ ಉಮೇದುವಾರನಾಗಿದ್ದೇನೆ.

ಇಂದು ಬೆಳಿಗ್ಗೆ ಎಂಟಕ್ಕೆ ನನ್ನ ಮೊದಲ ಹಾಳೆ. ಅಮ್ಮಾ, ಅವನ ಮೈಮೇಲೆ ಅಷ್ಟು ಎಸಳು ಇದೆಯೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಆರು ಗುಂಪು, ನಲವತ್ತೆಂಟು ಕಲೆ. ಪೂರ್ವದ ಅಂಚಿನಲ್ಲಿ, ಆಗ ತಾನೇ ತಿರುಗಿ ಬರುತ್ತಿದ್ದ ಒಂದು ಸಾಸಿವೆಯನ್ನೂ ಹಿಡಿದೆ. ಹೆಮ್ಮೆಯಿಂದ ಹಾಳೆ ತೋರಿಸಿದೆ.

ಅತ್ತೆ ಶಾಲು ಸರಿಮಾಡಿಕೊಂಡರು. ಅಂಚಿನ ಸಾಸಿವೆಯ ಮೇಲೆ ಬೆರಳಿಟ್ಟರು. ಆಮೇಲೆ ಪಕ್ಕದಲ್ಲಿದ್ದ ತಿಂಡಿ ಡಬ್ಬಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಹಲಗೆ ಅಲ್ಲಾಡಿಸಿ, ಅಳಿಯಂದ್ರೇ."

ಅಲ್ಲಾಡಿಸಿದೆ. ಹಲಗೆ ಸರಿಯಿತು, ಕಾಗದ ಸರಿಯಿತು. ಸಾಸಿವೆ ಸೂರ್ಯನ ಜೊತೆಗೇ ನಿಂತಿತು.

"ಹ್ಞೂಂ. ಬರೀರಿ ಹೆಸರು."

ಬಲತುದಿಯಲ್ಲಿ ಬರೆದಿದ್ದೇನೆ. ಗುಣಿಸದೆ ತೆಗೆದುಕೊಳ್ಳಿ.

ಉಮೇದುವಾರ,
ಇರುದಯರಾಜ್